ಮೂರು ಸಾವಿರದ ಗೆರೆ: ಬೇಸ್‌ಬಾಲ್‌ನ ದುಂಡು ಸಂಖ್ಯೆಗಳ ಪರ-ವಿರೋಧ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆಟಗಾರನ ಇಡೀ ವೃತ್ತಿಜೀವನವನ್ನು ತೂಗಲು ನಾಲ್ಕು ಸಂಖ್ಯೆಗಳು ಬಹುಕಾಲದಿಂದ ರೂಢಿಯಲ್ಲಿವೆ. ಬ್ಯಾಟರ್‌ಗೆ 3,000 ಹಿಟ್ ಅಥವಾ 500 ಹೋಮ್ ರನ್. ಚೆಂಡೆಸೆಯುವ ಪಿಚರ್‌ಗೆ 300 ಗೆಲುವು ಅಥವಾ 3,000 ಸ್ಟ್ರೈಕೌಟ್. ಎದುರಾಳಿಯ ತಪ್ಪಿನ ನೆರವಿಲ್ಲದೆ ತನ್ನ ಹೊಡೆತದಿಂದಲೇ ಬೇಸ್ (ಓಟದ ದಾರಿಯಲ್ಲಿನ ತಾಣ) ಮುಟ್ಟಿದರೆ ಅದು ಹಿಟ್. ಚೆಂಡು ಅಂಗಳದ ಬೇಲಿ ದಾಟಿದರೆ ಹೋಮ್ ರನ್. ಮೂರು ಸ್ಟ್ರೈಕ್‌ಗಳಲ್ಲಿ (ಬ್ಯಾಟರ್ ಹೊಡೆಯಲಾಗದ ಅಥವಾ ಬಿಟ್ಟ ಸರಿಯಾದ ಎಸೆತಗಳಲ್ಲಿ) ಅವನನ್ನು ಹಿಂದಕ್ಕೆ ಕಳಿಸಿದರೆ ಸ್ಟ್ರೈಕೌಟ್. ತಂಡ ಗೆದ್ದಾಗ ಆ ಗೆಲುವನ್ನು ನಿಯಮದ ಪ್ರಕಾರ ಒಬ್ಬ ಪಿಚರ್‌ನ ಹೆಸರಿಗೆ ಬರೆಯುತ್ತಾರೆ. ಇವುಗಳಲ್ಲಿ ಒಂದು ಗೆರೆಯನ್ನು ದಾಟಿದವನಿಗೆ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿರುವ, ಆಟದ ಶ್ರೇಷ್ಠರನ್ನು ಗೌರವಿಸುವ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಖಚಿತ ಎಂಬ ನಂಬಿಕೆ ಹಲವು ದಶಕ ಗಟ್ಟಿಯಾಗಿತ್ತು. ಈ ಸಂಖ್ಯೆಗಳಿಗೆ ಅಷ್ಟು ಮಹತ್ವ ಸಲ್ಲಬೇಕೇ ಎಂಬ ಪ್ರಶ್ನೆಗೆ ಎರಡು ಉತ್ತರಗಳನ್ನು ಇಲ್ಲಿ ಒಂದರ ನಂತರ ಒಂದಾಗಿ ಇಟ್ಟಿದೆ.

ಪರ: ಯಾರ ಮುಲಾಜಿಗೂ ಸರಿಯದ ಗೆರೆ

ಮೊದಲು ಲೆಕ್ಕವನ್ನೇ ನೋಡೋಣ. ಒಂದು ಸೀಸನ್‌ಗೆ ಈಗ 162 ಪಂದ್ಯಗಳು. 1960ರ ದಶಕದ ಆರಂಭದವರೆಗೆ 154 ಇದ್ದವು. ವರ್ಷಕ್ಕೆ 200 ಹಿಟ್ ಹೊಡೆದವನನ್ನು ಆ ವರ್ಷದ ಉತ್ತಮ ಬ್ಯಾಟರ್‌ಗಳ ಸಾಲಿನಲ್ಲಿ ಎಣಿಸುತ್ತಾರೆ. ಅಂಥ ಹದಿನೈದು ವರ್ಷಗಳು ಕೂಡಿದರೆ 3,000 ಆಗುತ್ತದೆ. ವರ್ಷಕ್ಕೆ 150ರಂತೆ ಹೋದರೆ ಇಪ್ಪತ್ತು ವರ್ಷ ಬೇಕು. 1876ರಿಂದೀಚೆಗೆ ಮೇಜರ್ ಲೀಗ್‌ನಲ್ಲಿ ಆಡಿದವರು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ 3,000 ಹಿಟ್ ಮುಟ್ಟಿದವರು 33 ಮಂದಿ, 500 ಹೋಮ್ ರನ್ ಹೊಡೆದವರು 28, 300 ಪಂದ್ಯ ಗೆದ್ದ ಪಿಚರ್‌ಗಳು 24, 3,000 ಸ್ಟ್ರೈಕೌಟ್ ಪಡೆದವರು 2025ರಲ್ಲಿ ಕ್ಲೇಟನ್ ಕರ್ಷಾ ಸೇರಿದ ಮೇಲೆ 20. ಗೆರೆ ಅಲ್ಲಿಯೇ ಬಿದ್ದದ್ದು ನಮ್ಮ ಹತ್ತರ ಎಣಿಕೆಯ ಆಕಸ್ಮಿಕ ಇರಬಹುದು. ಆ ಗೆರೆಯಾಚೆ ನಿಂತವರು ಮಾತ್ರ ಆಕಸ್ಮಿಕವಾಗಿ ಅಲ್ಲಿಗೆ ಬಂದವರಲ್ಲ.

2,999ಕ್ಕೂ 3,000ಕ್ಕೂ ಆಟದ ದೃಷ್ಟಿಯಲ್ಲಿ ಏನು ವ್ಯತ್ಯಾಸ ಎಂಬ ಪ್ರಶ್ನೆಯನ್ನು ವಿರೋಧಿಗಳು ಎತ್ತಿಯೇ ಎತ್ತುತ್ತಾರೆ. ಏನೂ ಇಲ್ಲ, ಕೊನೆಯ ಆ ಒಂದು ಹಿಟ್ ಉಳಿದವಕ್ಕಿಂತ ತೂಕದ್ದು ಎಂದು ಯಾರೂ ಹೇಳುತ್ತಿಲ್ಲ. ಹೇಳುವುದಿಷ್ಟು: ಈ ಗೆರೆಯನ್ನು ಆಟಗಾರ ಅಂಗಳಕ್ಕೆ ಇಳಿಯುವ ಮೊದಲೇ ಎಳೆದಾಗಿದೆ, ಯಾರನ್ನೂ ಮನಸ್ಸಿನಲ್ಲಿಟ್ಟುಕೊಂಡು ಎಳೆದದ್ದಲ್ಲ, ಯಾರಿಗಾಗಿಯೂ ಅದನ್ನು ಹಿಂದೆ ಮುಂದೆ ಸರಿಸಲು ಬರುವುದಿಲ್ಲ. ಅಂಕಿಅಂಶಗಳು ಹೇರಳವಾಗಿರುವ ಈ ಆಟದಲ್ಲಿ ನೆಚ್ಚಿನ ಆಟಗಾರನಿಗೆ ಒಪ್ಪುವ ಗೆರೆಯನ್ನು ಆಮೇಲೆ ಹುಡುಕಿ ಎಳೆಯುವುದು ಬಹಳ ಸುಲಭ. ಇಷ್ಟು ಡಬಲ್ (ಎರಡನೆಯ ಬೇಸ್‌ವರೆಗೆ ಒಯ್ಯುವ ಹಿಟ್), ಇಷ್ಟು ಕದ್ದ ಬೇಸ್ (ಹೊಡೆತವಿಲ್ಲದೆ ಓಡಿ ಗಳಿಸಿದ ಬೇಸ್), ಇಷ್ಟು ಹೋಮ್ ರನ್, ಜೊತೆಗೆ ಇಂಥದ್ದೇ ಸ್ಥಾನದಲ್ಲಿ ಫೀಲ್ಡಿಂಗ್ ಮಾಡಿದವನು ಎಂದು ನಾಲ್ಕು ಷರತ್ತು ಹಾಕಿದರೆ ಯಾರನ್ನು ಬೇಕಾದರೂ ಇತಿಹಾಸದಲ್ಲಿ ಏಕೈಕನೆಂದು ತೋರಿಸಬಹುದು. ದುಂಡು ಸಂಖ್ಯೆಗೆ ಆ ಚಾತುರ್ಯವಿಲ್ಲ. ಯಾವ ಆಟಗಾರನ ಪರವಾಗಿಯೂ ವಕಾಲತ್ತು ವಹಿಸದಿರುವುದೇ ಅದರ ಗುಣ.

ಗೆರೆಯಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಹೆರಾಲ್ಡ್ ಬೇನ್ಸ್ ಅವರ ಪ್ರಕರಣವಿದೆ. ಇಪ್ಪತ್ತೆರಡು ಸೀಸನ್ ಆಡಿ 2,866 ಹಿಟ್‌ಗಳಿಗೆ ನಿಂತ ಈ ಒಳ್ಳೆಯ ಬ್ಯಾಟರ್‌ಗೆ ಬೇಸ್‌ಬಾಲ್ ಪತ್ರಕರ್ತರ ಮತದಾನದಲ್ಲಿ ಶೇ 10ರಷ್ಟು ಮತವೂ ಎಂದೂ ಬಿದ್ದಿರಲಿಲ್ಲ. ಆಯ್ಕೆಗೆ ಬೇಕಾದದ್ದು ಶೇ 75. ಆದರೆ 2018ರ ಡಿಸೆಂಬರ್‌ನಲ್ಲಿ ಹದಿನಾರು ಮಂದಿಯ ಸಮಿತಿಯೊಂದು ಅವರನ್ನು ಹಾಲ್ ಆಫ್ ಫೇಮ್‌ಗೆ ಆರಿಸಿತು. ಬೇಕಾದದ್ದು ಹನ್ನೆರಡು ಮತ, ಬಿದ್ದದ್ದು ಸರಿಯಾಗಿ ಹನ್ನೆರಡು. ಆ ಸಮಿತಿಯಲ್ಲಿ ಬೇನ್ಸ್ ಅವರ ಹಳೆಯ ಮ್ಯಾನೇಜರ್ ಟೋನಿ ಲಾ ರೂಸಾ ಇದ್ದರು, ಬೇನ್ಸ್ ಬಹುಕಾಲ ಆಡಿದ ಶಿಕಾಗೋ ವೈಟ್ ಸಾಕ್ಸ್‌ನ ಮಾಲೀಕ ಜೆರಿ ರೈನ್ಸ್‌ಡಾರ್ಫ್ ಕೂಡ ಇದ್ದರು. ಅವರು ಮನಃಪೂರ್ವಕವಾಗಿಯೇ ಮತ ಹಾಕಿರಬಹುದು. ಆದರೂ ಅಂದಿನಿಂದ ಬೇನ್ಸ್ ಹೆಸರು ಬಂದಾಗಲೆಲ್ಲ ಆಟದ ಮಾತು ಹಿಂದೆ ಸರಿದು ಆ ಕೋಣೆಯಲ್ಲಿ ಯಾರ್‍ಯಾರು ಕುಳಿತಿದ್ದರು ಎಂಬ ಮಾತೇ ಮುಂದಾಗುತ್ತದೆ. 3,000 ಹಿಟ್ ದಾಟಿದ ರಾಬಿನ್ ಯೌಂಟ್ ಅಥವಾ ಎಡ್ಡಿ ಮರ್ರಿ ಅವರ ಬಗ್ಗೆ ಅಂಥ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಇನ್ನು, ಇದು ಬರೀ ಬಾಳಿಕೆಯ ಲೆಕ್ಕ, ಹೆಚ್ಚು ಕಾಲ ಆಡಿದವನಿಗೆ ತಾನಾಗಿ ಬರುವ ಬಿರುದು ಎನ್ನುವವರಿದ್ದಾರೆ. ಹಾಗೆ ತಾನಾಗಿ ಬರುವುದಾಗಿದ್ದರೆ 33ರ ಬದಲು ಮುನ್ನೂರು ಹೆಸರಿರುತ್ತಿದ್ದವು. ಮೇಜರ್ ಲೀಗ್ ತಂಡಗಳಿಗೆ ಕನಿಕರವಿಲ್ಲ. ಕೆಳಗಿನ ಲೀಗ್‌ಗಳಲ್ಲಿ ಇಪ್ಪತ್ತರ ಹರೆಯದ ಹುಡುಗರು ಸಾಲುಗಟ್ಟಿ ಕಾಯುತ್ತಿರುವಾಗ ಮೂವತ್ತೆಂಟು ವರ್ಷದವನಿಗೆ ದಿನಕ್ಕೆ ನಾಲ್ಕು ಬಾರಿ ಬ್ಯಾಟ್ ಹಿಡಿಯಲು ಬಿಡಬೇಕಾದರೆ ಅವನಿಂದ ತಂಡಕ್ಕೆ ಏನಾದರೂ ದಕ್ಕುತ್ತಿರಬೇಕು. ಒಟ್ಟು ಮೊತ್ತದ ಸಂಖ್ಯೆ ಸರಾಸರಿ ಮುಚ್ಚಿಡುವುದನ್ನು ತೋರಿಸುತ್ತದೆ. ಹ್ಯಾಂಕ್ ಆರನ್ ಎಂದರೆ 755 ಹೋಮ್ ರನ್ ಎಂದು ಎಲ್ಲರೂ ಬಲ್ಲರು. ಆದರೆ ಅವರ 3,771 ಹಿಟ್‌ಗಳಿಂದ ಆ 755ನ್ನೂ ಕಳೆದುಬಿಟ್ಟರೆ ಉಳಿಯುವುದು 3,016. ಒಂದೇ ಒಂದು ಹೋಮ್ ರನ್ ಹೊಡೆಯದಿದ್ದರೂ ಆರನ್ ಆ ಗೆರೆಯ ಆಚೆಗೇ ಇರುತ್ತಿದ್ದರು. ಆ ಮನುಷ್ಯನ ಅಗಾಧತೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವ ದಾರಿ ನನಗಂತೂ ಕಾಣದು. ಅದನ್ನು ಹೇಳಲು 3,000 ಎಂಬ ಗೆರೆಯೊಂದು ಮೊದಲು ಬೇಕು.

ಮೈಲಿಗಲ್ಲಿನ ಮಾತು ಬಂದಾಗ ರಾಬರ್ಟೊ ಕ್ಲೆಮೆಂಟೆ ಅವರನ್ನು ಬಿಟ್ಟು ಮುಂದೆ ಹೋಗಲಾಗದು. ಪೋರ್ಟೊರಿಕೊದಲ್ಲಿ ಹುಟ್ಟಿ, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ರೈಟ್ ಫೀಲ್ಡ್‌ನಲ್ಲಿ ಹದಿನೆಂಟು ಸೀಸನ್ ಆಡಿದ ಅವರಿಗೆ 1972ರ ಆರಂಭದಲ್ಲಿ 3,000ಕ್ಕೆ 118 ಹಿಟ್ ಬೇಕಿತ್ತು. ಗಾಯಗಳಿಂದ ಹಲವು ಪಂದ್ಯ ತಪ್ಪಿದವು. ಸೀಸನ್ ಮುಗಿಯುತ್ತ ಬಂದಾಗ 2,999ರಲ್ಲಿದ್ದರು. ಸೆಪ್ಟೆಂಬರ್ 29ರಂದು ಅವರ ಹೊಡೆತವೊಂದು ಫೀಲ್ಡರ್‌ನ ಕೈತಪ್ಪಿ, ಸ್ಕೋರ್‌ಬೋರ್ಡ್‌ನಲ್ಲಿ ಮೊದಲು ಹಿಟ್ ಎಂದೇ ಬಂದು, ಆಮೇಲೆ ಅಧಿಕೃತ ಸ್ಕೋರರ್ ಅದನ್ನು ಫೀಲ್ಡರ್‌ನ ತಪ್ಪು ಎಂದು ತೀರ್ಮಾನಿಸಿದರು. ಮರುದಿನ, ಸೆಪ್ಟೆಂಬರ್ 30ರಂದು, ತ್ರೀ ರಿವರ್ಸ್ ಕ್ರೀಡಾಂಗಣದಲ್ಲಿ ಸುಮಾರು 13,000 ಜನರ ಮುಂದೆ ನ್ಯೂಯಾರ್ಕ್ ಮೆಟ್ಸ್‌ನ ಜಾನ್ ಮ್ಯಾಟ್ಲ್ಯಾಕ್ ಎಸೆದ ಚೆಂಡಿಗೆ ಡಬಲ್ ಹೊಡೆದರು. ಸಾಮಾನ್ಯ ಸೀಸನ್‌ನಲ್ಲಿ ಅದೇ ಅವರ ಕೊನೆಯ ಹಿಟ್. ಡಿಸೆಂಬರ್ 23ರಂದು ನಿಕರಾಗುವಾದ ಮನಾಗುವಾದಲ್ಲಿ ಭೂಕಂಪವಾಯಿತು. ನಿರಾಶ್ರಿತರಿಗೆ ಸಾಮಗ್ರಿ ಒಯ್ಯುತ್ತಿದ್ದ ವಿಮಾನದಲ್ಲಿ ತಾವೇ ಹೊರಟ ಕ್ಲೆಮೆಂಟೆ, ಡಿಸೆಂಬರ್ 31ರ ರಾತ್ರಿ ಸಾನ್ ಹುವಾನ್ ಬಳಿಯ ಸಮುದ್ರದಲ್ಲಿ ಅದು ಬಿದ್ದಾಗ ತೀರಿಕೊಂಡರು. ಆಗ ಅವರಿಗೆ 38 ವರ್ಷ. ಹಾಲ್ ಆಫ್ ಫೇಮ್ ಆಟ ಮುಗಿದ ಮೇಲೆ ಐದು ವರ್ಷ ಕಾಯುವ ನಿಯಮವನ್ನು ಬದಿಗಿಟ್ಟು 1973ರಲ್ಲೇ ವಿಶೇಷ ಮತದಾನದ ಮೂಲಕ ಅವರನ್ನು ಸೇರಿಸಿಕೊಂಡಿತು. ಅವರು 2,999ಕ್ಕೆ ನಿಂತಿದ್ದರೂ ಅಷ್ಟೇ ದೊಡ್ಡವರು ಎಂಬ ಮಾತನ್ನು ಒಪ್ಪೋಣ. ಆದರೆ ಗೆರೆಯೊಂದು ಇಲ್ಲದಿದ್ದರೆ ಆ ಸೆಪ್ಟೆಂಬರ್‌ನ ಮಧ್ಯಾಹ್ನ ಯಾರ ನೆನಪಿಗೂ ಉಳಿಯುತ್ತಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿ ಅವರಿಗೆ ಸಲ್ಲಬೇಕಾದದ್ದನ್ನು ಬದುಕಿರುವಾಗಲೇ ಸಲ್ಲಿಸುವ ಒಂದು ಕ್ಷಣ ಆ ಊರಿಗೆ ದಕ್ಕುತ್ತಲೂ ಇರಲಿಲ್ಲ.

ಗೆರೆ ಆಟಗಾರನನ್ನು ಸ್ವಾರ್ಥಿಯಾಗಿಸುತ್ತದೆ ಎಂಬ ಆಕ್ಷೇಪಕ್ಕೆ ಪಾಲ್ ವೇನರ್ ಉತ್ತರ ಕೊಟ್ಟಿದ್ದಾರೆ. 1942ರಲ್ಲಿ ಬಾಸ್ಟನ್ ಬ್ರೇವ್ಸ್ ಪರ ಆಡುತ್ತ 2,999ರಲ್ಲಿದ್ದಾಗ ಅವರ ಹೊಡೆತ ಶಾರ್ಟ್‌ಸ್ಟಾಪ್‌ನ (ಎರಡನೆಯ ಮತ್ತು ಮೂರನೆಯ ಬೇಸ್ ನಡುವೆ ನಿಲ್ಲುವ ಫೀಲ್ಡರ್‌ನ) ಗ್ಲೌಸ್‌ಗೆ ತಾಗಿ ಸಿಡಿಯಿತು. ಹಿಟ್ ಎಂದು ಬರೆಯಬಹುದಾಗಿದ್ದ ಹೊಡೆತ. ಆದರೆ ಬೇಸ್ ಮೇಲೆ ನಿಂತಿದ್ದ ವೇನರ್ ಸ್ಕೋರರ್ ಕುಳಿತ ಕಡೆ ತಿರುಗಿ, ಅದನ್ನು ಹಿಟ್ ಎಂದು ಬರೆಯಬೇಡಿ ಎಂದು ಕೈಯಾಡಿಸಿದರು. ಕೆಲವೇ ದಿನಗಳಲ್ಲಿ, ಯಾರೂ ಅನುಮಾನಿಸಲಾಗದ ಹೊಡೆತವೊಂದರಿಂದ ಆ ಸಂಖ್ಯೆಯನ್ನು ಮುಟ್ಟಿದರು. 1,743ನೆಯ ಹಿಟ್ ಬಗ್ಗೆ ಯಾವ ಆಟಗಾರನೂ ಇಷ್ಟು ನಿಷ್ಠುರನಾಗುವುದಿಲ್ಲ.

ಎಣಿಸುವ ರೂಢಿ ಇಲ್ಲದ ಕಾಲದಲ್ಲಿ ಏನಾಗುತ್ತಿತ್ತು? ಬಹುಕಾಲ ವಾಷಿಂಗ್ಟನ್ ಪರ ಆಡಿದ ಸ್ಯಾಮ್ ರೈಸ್ 1934ರಲ್ಲಿ ತಮ್ಮ 44ನೆಯ ವಯಸ್ಸಿನಲ್ಲಿ 2,987 ಹಿಟ್‌ಗಳೊಂದಿಗೆ ನಿವೃತ್ತರಾದರು. ಇನ್ನು ಹದಿಮೂರು ಬೇಕಿತ್ತು. ಅದಕ್ಕಾಗಿ ನಿಲ್ಲಬೇಕೆಂದು ಆಗ ಅವರಿಗೆ ಅನ್ನಿಸಲಿಲ್ಲ. ಆ ನಿರಾಳತೆಯನ್ನು ಮೆಚ್ಚುವವರು ಮೆಚ್ಚಲಿ. ಫಲವಾಗಿ ಅವರನ್ನು ಎಲ್ಲರೂ ಮರೆತರು, ಹಾಲ್ ಆಫ್ ಫೇಮ್ ಅವರನ್ನು ನೆನಪಿಸಿಕೊಂಡದ್ದು 1963ರಲ್ಲಿ.

ವರ್ಷಕ್ಕೆ 162 ಪಂದ್ಯ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ದಿನಕ್ಕೊಂದರಂತೆ ಸಾಗುವ ಈ ಆಟದಲ್ಲಿ ಒಂದು ಸಂಜೆ ಇನ್ನೊಂದರಂತೆಯೇ ಇರುತ್ತದೆ. ಮೈಲಿಗಲ್ಲು ಸಮೀಪಿಸಿದಾಗ ಮಾತ್ರ ಜನ ಮುಂಚಿತವಾಗಿಯೇ ತಿಳಿದು ಬಂದು ಕೂರುತ್ತಾರೆ. 2025ರ ಜುಲೈ 2ರಂದು ಲಾಸ್ ಏಂಜಲೀಸ್‌ನಲ್ಲಿ ಕರ್ಷಾ ಅವರಿಗೆ ಮೂರು ಸ್ಟ್ರೈಕೌಟ್ ಬೇಕಿತ್ತು. ಮೂರನೆಯದು ಆರನೆಯ ಇನ್ನಿಂಗ್‌ನ ಕೊನೆಯ ಔಟ್ ಆಗಿ ಬಂತು. ಇಡೀ ವೃತ್ತಿಜೀವನವನ್ನು ಒಂದೇ ತಂಡದಲ್ಲಿ ಕಳೆದ ಪಿಚರ್ ಒಬ್ಬರಿಗೆ ಅವರದೇ ಊರು ಕೃತಜ್ಞತೆ ಹೇಳಲು ಅದಕ್ಕಿಂತ ಒಳ್ಳೆಯ ನೆಪ ಸಿಗುತ್ತಿರಲಿಲ್ಲ. ಬೇಸ್‌ಬಾಲ್ ಅಷ್ಟೇ ಆಳವಾಗಿ ಬೇರೂರಿರುವ ಜಪಾನ್‌ನಲ್ಲಂತೂ 400 ಪಂದ್ಯ ಗೆದ್ದ ಪಿಚರ್ ಮಸಾಯಿಚಿ ಕನೆಡಾ 1978ರಲ್ಲಿ ಮೆಯ್‌ಕ್ಯೂಕಾಯ್ ಎಂಬ ಸಂಘವನ್ನೇ ಕಟ್ಟಿದರು. 2,000 ಹಿಟ್, 200 ಗೆಲುವು ಅಥವಾ 250 ಸೇವ್ (ಪಂದ್ಯದ ಕೊನೆಯಲ್ಲಿ ಬಂದು ತಂಡದ ಮುನ್ನಡೆಯನ್ನು ಕಾಯ್ದುಕೊಂಡ ಲೆಕ್ಕ) ಅದರ ಪ್ರವೇಶದ ಅರ್ಹತೆ. ಅಮೆರಿಕದ ರೂಢಿ ಅಮೆರಿಕನ್ನರ ಹುಚ್ಚು ಮಾತ್ರ ಅಲ್ಲ ಎಂದಾಯಿತು.

ಉದ್ದೀಪನ ಮದ್ದಿನ ಹಗರಣಗಳು ಈ ಸಂಖ್ಯೆಗಳನ್ನು ಹಾಳುಮಾಡಿದವು ಎನ್ನುತ್ತಾರೆ. ನನಗೆ ಕಾಣುವುದು ಬೇರೆ. ರಫಾಯೆಲ್ ಪಾಲ್ಮೇರೊ 2005ರ ಜುಲೈ 15ರಂದು 3,000ನೆಯ ಹಿಟ್ ಹೊಡೆದು, 500 ಹೋಮ್ ರನ್ನೂ ಕೂಡಿ ಆರನ್, ವಿಲ್ಲಿ ಮೇಸ್, ಮರ್ರಿ ಅವರ ಸಾಲಿಗೆ ಬಂದರು. ಆಗಸ್ಟ್ 1ರಂದು ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಸುದ್ದಿ ಹೊರಬಿತ್ತು. 2014ರ ಹೊತ್ತಿಗೆ ಶೇ 5ರಷ್ಟು ಮತವೂ ಸಿಗದೆ ಅವರ ಹೆಸರು ಮತಪತ್ರದಿಂದಲೇ ಬಿದ್ದುಹೋಯಿತು. 762 ಹೋಮ್ ರನ್ ಹೊಡೆದ ಬ್ಯಾರಿ ಬಾಂಡ್ಸ್ ಅವರನ್ನೂ ಪತ್ರಕರ್ತರು ಒಳಗೆ ಬಿಡಲಿಲ್ಲ. ಸಂಖ್ಯೆ ದೊಡ್ಡದಾಗಿತ್ತು ಎಂಬ ಕಾರಣಕ್ಕೇ ಅದು ಹೇಗೆ ಬಂತೆಂಬ ವಿಚಾರಣೆಯೂ ದೊಡ್ಡದಾಗಿ ನಡೆಯಿತು.

ವಿರೋಧ: ಎಣಿಕೆಗೆ ಸಿಕ್ಕಿದ್ದಷ್ಟೇ ಆಟವಲ್ಲ

ಫ್ರಾಂಕ್ ರಾಬಿನ್ಸನ್ 586 ಹೋಮ್ ರನ್ ಹೊಡೆದರು, ಮೇಜರ್ ಲೀಗ್‌ನ ಒಳಗಿನ ಎರಡೂ ಲೀಗ್‌ಗಳಲ್ಲಿ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ ಪಡೆದರು, ಮೇಜರ್ ಲೀಗ್‌ನ ಮೊದಲ ಕಪ್ಪು ಮ್ಯಾನೇಜರ್ ಆದರು, ಮತ್ತು 2,943 ಹಿಟ್‌ಗಳಿಗೆ ನಿಂತರು. ಆಲ್ ಕೇಲೈನ್ 3,007 ಹಿಟ್ ಹೊಡೆದರು, 399 ಹೋಮ್ ರನ್‌ಗಳಿಗೆ ನಿಂತರು. ರಾಬಿನ್ಸನ್‌ಗೆ 57 ಹಿಟ್ ಕಡಿಮೆಯಾದದ್ದರಿಂದ, ಕೇಲೈನ್‌ಗೆ ಒಂದು ಹೋಮ್ ರನ್ ತಪ್ಪಿದ್ದರಿಂದ ಇವರ ಆಟದ ಬಗ್ಗೆ ನಾವು ತಿಳಿಯುವುದೇನು? ಗೆರೆ ಯಾರ ವಕೀಲನೂ ಅಲ್ಲ, ನಿಷ್ಪಕ್ಷಪಾತಿ ಎಂಬ ವಾದ ಕೇಳಲು ಚೆನ್ನಾಗಿದೆ. ಆದರೆ ಗೆರೆಯ ಬಳಿ ಬಂದವರ ನಡುವೆ ಪಕ್ಷಪಾತ ಮಾಡದಿದ್ದರೆ ಸಾಲದು. ಅಲ್ಲಿಯವರೆಗೆ ನಡೆಯಲು ಎಲ್ಲರಿಗೂ ಒಂದೇ ದಾರಿ, ಒಂದೇ ಕಾಲಾವಕಾಶ ಸಿಕ್ಕಿತ್ತೇ ಎಂದು ಮೊದಲು ಕೇಳಬೇಕು.

ಸಿಕ್ಕಿರಲಿಲ್ಲ. ಕ್ಲೀವ್‌ಲ್ಯಾಂಡ್‌ನ ಬಾಬ್ ಫೆಲರ್ 1941ರ ಸೀಸನ್ ಮುಗಿದಾಗ 22 ವರ್ಷದವರು, ಆಗಲೇ 107 ಪಂದ್ಯ ಗೆದ್ದಿದ್ದರು. ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ಕೂಡಲೇ ನೌಕಾಪಡೆಗೆ ಸೇರಿ, ತೋಳಿನಲ್ಲಿ ಕಸುವು ತುಂಬಿದ್ದ ಸುಮಾರು ನಾಲ್ಕು ಸೀಸನ್‌ಗಳನ್ನು ಬಿಟ್ಟರು. ಕೊನೆಗೆ ಅವರ ಲೆಕ್ಕ 266ಕ್ಕೆ ನಿಂತಿತು. ಟೆಡ್ ವಿಲಿಯಮ್ಸ್ 1943ರಿಂದ 1945ರವರೆಗೆ ಪೂರ್ತಿಯಾಗಿ, ಕೊರಿಯಾ ಯುದ್ಧದ ಕಾಲದಲ್ಲಿ 1952 ಮತ್ತು 1953ರ ಬಹುಪಾಲು, ಯುದ್ಧವಿಮಾನದ ಪೈಲಟ್ ಆಗಿ ಆಟದಿಂದ ದೂರವಿದ್ದರು. ಇವರಿಬ್ಬರದು ಹೋಗಲಿ, ತಾವಾಗಿ ಒಪ್ಪಿಕೊಂಡ ಕರ್ತವ್ಯ ಎನ್ನಬಹುದು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಪರ ಅಂಗಳಕ್ಕಿಳಿಯುವವರೆಗೆ ಆ ಶತಮಾನದಲ್ಲಿ ಕಪ್ಪು ಆಟಗಾರರಿಗೆ ಮೇಜರ್ ಲೀಗ್‌ನ ಬಾಗಿಲೇ ಮುಚ್ಚಿತ್ತು. ರಾಬಿನ್ಸನ್‌ಗೆ ಆಗಲೇ 28 ತುಂಬಿತ್ತು. ಜಾಶ್ ಗಿಬ್ಸನ್ ಅದಕ್ಕೆ ಮೂರು ತಿಂಗಳ ಮೊದಲೇ ತೀರಿಕೊಂಡಿದ್ದರು. ಹಾಲ್ ಆಫ್ ಫೇಮ್‌ನಲ್ಲಿರುವ ಅವರ ಫಲಕ, ಲೀಗ್ ಪಂದ್ಯಗಳನ್ನೂ ಸ್ವತಂತ್ರ ಪಂದ್ಯಗಳನ್ನೂ ಸೇರಿಸಿ, ಸುಮಾರು 800 ಹೋಮ್ ರನ್ ಎನ್ನುತ್ತದೆ. ಅಧಿಕೃತ ಪುಸ್ತಕದಲ್ಲಿ ಅವರ ಲೆಕ್ಕ ಇನ್ನೂರನ್ನೂ ಮುಟ್ಟುವುದಿಲ್ಲ, ಏಕೆಂದರೆ ಕಪ್ಪು ಆಟಗಾರರಿಗೆ ಪ್ರತ್ಯೇಕವಾಗಿದ್ದ ನೀಗ್ರೊ ಲೀಗ್‌ಗಳ ಸೀಸನ್‌ಗಳು ಚಿಕ್ಕವು, ಉಳಿದ ಪಂದ್ಯಗಳು ಲೆಕ್ಕಕ್ಕಿಲ್ಲ. 2024ರ ಮೇ ತಿಂಗಳಲ್ಲಿ ಆ ಲೀಗ್‌ಗಳ ಅಂಕಿಅಂಶಗಳನ್ನು ಮೇಜರ್ ಲೀಗ್ ತನ್ನ ದಾಖಲೆಗೆ ಸೇರಿಸಿಕೊಂಡಾಗ ವೃತ್ತಿಜೀವನದ ಬ್ಯಾಟಿಂಗ್ ಸರಾಸರಿಯಲ್ಲಿ (ಹಿಟ್‌ಗಳನ್ನು ಹೊಡೆಯುವ ಅವಕಾಶಗಳಿಂದ ಭಾಗಿಸಿದ ಲೆಕ್ಕ) ಟೈ ಕಾಬ್ ಅವರನ್ನು ಹಿಂದಿಕ್ಕಿ ಗಿಬ್ಸನ್ .372ರೊಂದಿಗೆ ಮೊದಲ ಸ್ಥಾನಕ್ಕೆ ಬಂದರು. ಸರಾಸರಿಯಲ್ಲಿ ಅವರಿಗೆ ತಡವಾಗಿಯಾದರೂ ನ್ಯಾಯ ಸಿಕ್ಕಿತು. 500ರ ಗೆರೆಯಿಂದ ಅದು ಎಂದೂ ಸಿಗದು.

ಕೂಲಿಯ ಜಗಳವೂ ಗೆರೆಯನ್ನು ತಪ್ಪಿಸಬಲ್ಲದು. ಫ್ರೆಡ್ ಮೆಗ್ರಿಫ್ 1994ರಲ್ಲಿ 113 ಪಂದ್ಯಗಳಲ್ಲಿ 34 ಹೋಮ್ ರನ್ ಹೊಡೆದಿದ್ದಾಗ ಆಟಗಾರರ ಮುಷ್ಕರದಿಂದ ಸೀಸನ್ ಆಗಸ್ಟ್‌ನಲ್ಲೇ ನಿಂತುಹೋಯಿತು. ಅವರು ಮುಗಿಸಿದ್ದು 493ಕ್ಕೆ. ಪತ್ರಕರ್ತರು ಹತ್ತು ವರ್ಷ ಅವರನ್ನು ಆರಿಸಲಿಲ್ಲ. 2022ರ ಡಿಸೆಂಬರ್‌ನಲ್ಲಿ ಸಮಿತಿಯ ಹದಿನಾರೂ ಮಂದಿ ಒಮ್ಮತದಿಂದ ಆರಿಸಿದರು. ಬೇನ್ಸ್ ಅವರ ಪ್ರಕರಣವನ್ನು ಎತ್ತಿ ಸಮಿತಿಯನ್ನು ದೂರುವವರು ಇದನ್ನೂ ಹೇಳಬೇಕು.

ಇದಕ್ಕಿಂತ ಮೂಲಭೂತವಾದ ತೊಂದರೆಯೆಂದರೆ, ನಾವು ಆರಿಸಿಕೊಂಡ ಎಣಿಕೆಯೇ ಅರ್ಧ ಕುರುಡು. ಪಿಚರ್ ನಾಲ್ಕು ಬಾರಿ ಗುರಿ ತಪ್ಪಿಸಿ ಎಸೆದರೆ ಬ್ಯಾಟರ್‌ಗೆ ಮೊದಲ ಬೇಸ್ ಉಚಿತ, ಇದು ವಾಕ್. ಕೆಟ್ಟ ಚೆಂಡನ್ನು ಬಿಡುವ ತಾಳ್ಮೆ, ಕಣ್ಣಿನ ಚುರುಕು ಇದ್ದವನಿಗೆ ವಾಕ್‌ಗಳು ಹೆಚ್ಚು ಸಿಗುತ್ತವೆ, ಔಟ್ ಆಗದೆ ಬೇಸ್ ಮುಟ್ಟಿದ್ದರಿಂದ ತಂಡಕ್ಕೆ ಅವು ಹಿಟ್‌ನಷ್ಟಲ್ಲದಿದ್ದರೂ ಗಣನೀಯ ಲಾಭ. ಆದರೆ 3,000ದ ಲೆಕ್ಕದಲ್ಲಿ ಅವಕ್ಕೆ ಜಾಗವೇ ಇಲ್ಲ. ಬದಲಿಗೆ ಪ್ರತಿ ವಾಕ್ ಎಂದರೆ ಹಿಟ್ ಹೊಡೆಯುವ ಒಂದು ಅವಕಾಶ ಕೈತಪ್ಪಿದಂತೆ. ವಿಲಿಯಮ್ಸ್ 2,654 ಹಿಟ್‌ಗಳ ಜೊತೆ 2,021 ವಾಕ್ ಪಡೆದರು. ವೃತ್ತಿಜೀವನದುದ್ದಕ್ಕೂ ಬೇಸ್ ಮುಟ್ಟಿದ ಪ್ರಮಾಣದಲ್ಲಿ .482ರೊಂದಿಗೆ ಅವರನ್ನು ಮೀರಿದವರಿಲ್ಲ. ಬೇಬ್ ರೂತ್ 2,873 ಹಿಟ್, 2,062 ವಾಕ್. ಬಾಂಡ್ಸ್ 2,935 ಹಿಟ್, 2,558 ವಾಕ್. ಬ್ಯಾಟ್ ಹಿಡಿದವರಲ್ಲಿ ಎಲ್ಲರಿಗಿಂತ ಭಯ ಹುಟ್ಟಿಸಿದ ಮೂವರೂ ಗೆರೆಯ ಈಚೆಗೇ ಉಳಿದಿದ್ದಾರೆ, ಪಿಚರ್‌ಗಳು ಅವರಿಗೆ ಹೊಡೆಯಬಲ್ಲ ಚೆಂಡನ್ನು ಎಸೆಯಲು ಹೆದರಿದ್ದು ಅದಕ್ಕೆ ಒಂದು ಮುಖ್ಯ ಕಾರಣ. ಶ್ರೇಷ್ಠತೆಯನ್ನೇ ಕಳೆಯುವ ಖಾತೆಗೆ ಹಾಕುವ ಮಾಪನವನ್ನು ಶ್ರೇಷ್ಠತೆಯ ಮಾಪನವೆಂದು ಹೇಗೆ ಕರೆಯುವುದು?

ಪಿಚರ್‌ಗಳ ಗೆಲುವಿನ ಲೆಕ್ಕ ಇನ್ನೂ ವಿಚಿತ್ರ. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ ಒಂಬತ್ತು ಇನ್ನಿಂಗ್‌ಗೆ ಸರಾಸರಿ 1.70 ರನ್ ಮಾತ್ರ ಬಿಟ್ಟುಕೊಟ್ಟರು; ಅವರ ತಂಡ ರನ್ ಗಳಿಸದೆ ಹೋದದ್ದರಿಂದ ಹೆಸರಿಗೆ ಬಂದದ್ದು 10 ಗೆಲುವು, 9 ಸೋಲು. ಮತದಾರರು ಆ ಗೆಲುವುಗಳನ್ನು ಲೆಕ್ಕಿಸದೆ ವರ್ಷದ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯನ್ನು ಅವರಿಗೇ ಕೊಟ್ಟರು. ಒಂದು ವರ್ಷದಲ್ಲಿ ಅರ್ಥವಿಲ್ಲದ ಎಣಿಕೆ ಇಪ್ಪತ್ತು ವರ್ಷ ಕೂಡಿದರೆ ಅರ್ಥ ಪಡೆಯುತ್ತದೆಯೇ? ಸ್ವಲ್ಪ ಪಡೆಯುತ್ತದೆ, ಅಷ್ಟೆ. ಈಗಂತೂ ಪಿಚರ್‌ನನ್ನು ಐದಾರು ಇನ್ನಿಂಗ್‌ಗೆ ಬದಲಿಸುವ ಪದ್ಧತಿ ಬಂದು, 2009ರಲ್ಲಿ ರ್‍ಯಾಂಡಿ ಜಾನ್ಸನ್ 300ನೆಯ ಪಂದ್ಯ ಗೆದ್ದ ಮೇಲೆ ಆ ಗೆರೆಯನ್ನು ಮುಟ್ಟಿದವರೇ ಇಲ್ಲ. ಇನ್ನೊಂದು ತುದಿಯಲ್ಲಿ ವಾಲ್ಟರ್ ಜಾನ್ಸನ್ 1923ರಲ್ಲಿ 3,000 ಸ್ಟ್ರೈಕೌಟ್ ಮುಟ್ಟಿ, 1974ರಲ್ಲಿ ಬಾಬ್ ಗಿಬ್ಸನ್ ಬರುವವರೆಗೆ ಐವತ್ತೊಂದು ವರ್ಷ ಅಲ್ಲಿ ಒಬ್ಬರೇ ನಿಂತಿದ್ದರು. ಅನಂತರದ ಐವತ್ತೊಂದು ವರ್ಷಗಳಲ್ಲಿ ಹದಿನೆಂಟು ಮಂದಿ ಬಂದರು, ಏಕೆಂದರೆ ಬ್ಯಾಟರ್‌ಗಳ ಹೊಡೆತದ ರೀತಿಯೇ ಬದಲಾಯಿತು. 500 ಹೋಮ್ ರನ್‌ಗಳ ಕಥೆಯೂ ಇದೇ. ರೂತ್ 1929ರಲ್ಲಿ ಮುಟ್ಟಿದ ಮೇಲೆ 1998ರವರೆಗಿನ ಸುಮಾರು ಎಪ್ಪತ್ತು ವರ್ಷಗಳಲ್ಲಿ ಅವರೂ ಸೇರಿ ಹದಿನೈದು ಮಂದಿ; 1999ರಿಂದ 2009ರವರೆಗೆ ಹತ್ತು ಮಂದಿ. 1999ರ ಆಗಸ್ಟ್ 5ರಂದು ಮಾರ್ಕ್ ಮೆಗ್ವೈರ್ 500ನೆಯ ಹೋಮ್ ರನ್, 6ರಂದು ಟೋನಿ ಗ್ವಿನ್ 3,000ನೆಯ ಹಿಟ್, 7ರಂದು ವೇಡ್ ಬಾಗ್ಸ್ 3,000ನೆಯ ಹಿಟ್. ಮೂರು ದಿನಕ್ಕೆ ಮೂರು ಮೈಲಿಗಲ್ಲು! ಗೆರೆ ಅಲ್ಲಿಯೇ ಇರುತ್ತದೆ, ಕೆಳಗಿನ ನೆಲ ಏರಿಳಿಯುತ್ತದೆ. ಹಾಗಿರುವಾಗ ಅದು ಅಳೆಯುವುದು ಆಟಗಾರನನ್ನೋ ಕಾಲವನ್ನೋ ಎಂಬುದು ಸ್ಪಷ್ಟವಿಲ್ಲ.

ಸಂಖ್ಯೆಯ ಬೆನ್ನು ಹತ್ತಿದಾಗ ಆಟಕ್ಕೆ ಏನಾಗುತ್ತದೆ ಎಂಬುದಕ್ಕೆ ಅರ್ಲಿ ವಿನ್ ಹಳೆಯ ಉದಾಹರಣೆ. 1962ರ ಸೆಪ್ಟೆಂಬರ್‌ನಲ್ಲಿ 299ಕ್ಕೆ ಬಂದು ಮತ್ತೆ ಮತ್ತೆ ಪ್ರಯತ್ನಿಸಿ ಸೋತರು. ಶಿಕಾಗೋ ತಂಡ ಕೈಬಿಟ್ಟಿತು. 43ನೆಯ ವಯಸ್ಸಿನಲ್ಲಿ ಕ್ಲೀವ್‌ಲ್ಯಾಂಡ್ ಸೇರಿ 1963ರ ಜುಲೈ 13ರಂದು ಐದೇ ಇನ್ನಿಂಗ್ ಎಸೆದು, ಉಳಿದದ್ದನ್ನು ಬೇರೆಯವರಿಗೆ ಬಿಟ್ಟು, ಆ ವರ್ಷದ ತಮ್ಮ ಏಕೈಕ ಗೆಲುವನ್ನು ಪಡೆದರು. ಆಲ್ಬರ್ಟ್ ಪೂಹೋಲ್ಸ್ ಅವರು ಏಂಜಲ್ಸ್ ತಂಡದೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ 3,000ನೆಯ ಹಿಟ್‌ಗೆ 30 ಲಕ್ಷ ಡಾಲರ್ ಬೇರೆಯಾಗಿಯೇ ನಮೂದಾಗಿತ್ತು. ಸೇಂಟ್ ಲೂಯಿಸ್‌ನ ಮೊದಲ ಹನ್ನೊಂದು ವರ್ಷಗಳಲ್ಲಿ .328 ಇದ್ದ ಅವರ ಸರಾಸರಿ ವೃತ್ತಿಜೀವನದ ಕೊನೆಗೆ .296ಕ್ಕೆ ಇಳಿಯಿತು, 3,000 ಹಿಟ್, 600 ಮತ್ತು 700 ಹೋಮ್ ರನ್ ಎಲ್ಲವೂ ದಕ್ಕಿದ್ದು ಆ ಇಳಿಜಾರಿನಲ್ಲಿ. ಅವರ ಶ್ರೇಷ್ಠತೆ ಇದ್ದದ್ದು ಮೈಲಿಗಲ್ಲುಗಳಿಲ್ಲದ ಮೊದಲ ದಶಕದಲ್ಲಿ.

ಜನರ ನೋಟವೂ ಕೆಡುತ್ತದೆ. 2022ರ ಏಪ್ರಿಲ್ 21ರಂದು ಡೆಟ್ರಾಯಿಟ್‌ನಲ್ಲಿ ಮಿಗೆಲ್ ಕಬ್ರೆರಾ 2,999ರಲ್ಲಿದ್ದರು. ಎಂಟನೆಯ ಇನ್ನಿಂಗ್, ಎರಡು ಔಟ್, ಎರಡನೆಯ ಮತ್ತು ಮೂರನೆಯ ಬೇಸ್‌ನಲ್ಲಿ ಓಟಗಾರರು. ಒಂದು ರನ್ ಹಿಂದಿದ್ದ ಯಾಂಕೀಸ್ ತಂಡ, ಬಲಗೈ ಬ್ಯಾಟರ್‌ನನ್ನು ಬಿಟ್ಟು ಮುಂದಿನ ಎಡಗೈಯವನನ್ನು ಎದುರಿಸೋಣವೆಂದು ಕಬ್ರೆರಾಗೆ ಬೇಕೆಂದೇ ವಾಕ್ ಕೊಟ್ಟಿತು. ಇದು ದಿನನಿತ್ಯದ ತಂತ್ರ. ಆದರೂ ಕ್ರೀಡಾಂಗಣವಿಡೀ ಛೀಮಾರಿ ಹಾಕಿತು. ಅದೇ ಮುಂದಿನ ಬ್ಯಾಟರ್ ಆಸ್ಟಿನ್ ಮೆಡೋಸ್ ಡಬಲ್ ಹೊಡೆದು ಎರಡು ರನ್ ತಂದರು, ಡೆಟ್ರಾಯಿಟ್ ಗೆದ್ದಿತು. ತಮ್ಮ ತಂಡದ ಗೆಲುವಿಗೆ ನೆರವಾದ ನಿರ್ಧಾರಕ್ಕೇ ಜನ ಬೈದಿದ್ದರು! ಭಾರತದ ಓದುಗರಿಗೆ ಇದು ಹೊಸದಲ್ಲ. ಸಚಿನ್ ತೆಂಡೂಲ್ಕರ್ ಅವರ ನೂರನೆಯ ಅಂತರರಾಷ್ಟ್ರೀಯ ಶತಕಕ್ಕಾಗಿ 2011ರ ಮಾರ್ಚ್‌ನಿಂದ ಒಂದು ವರ್ಷ ದೇಶವೇ ಕಾದಿತ್ತು. 2012ರ ಮಾರ್ಚ್ 16ರಂದು ಮೀರ್‌ಪುರದಲ್ಲಿ ಅದು ಬಂದಾಗ ಆ ಪಂದ್ಯವನ್ನು ಬಾಂಗ್ಲಾದೇಶ ಗೆದ್ದಿತು ಎಂಬುದು ಹಲವರಿಗೆ ಈಗ ನೆನಪಿಲ್ಲ. ಅದೇ, ಕರ್ನಾಟಕದ ಕ್ರಿಕೆಟ್ ಪ್ರೇಮಿಗಳು ಜಿ.ಆರ್. ವಿಶ್ವನಾಥ್ ಅವರ ಯಾವ ಇನ್ನಿಂಗ್ಸ್ ಅನ್ನು ಎಲ್ಲಕ್ಕಿಂತ ಮೇಲಿಡುತ್ತಾರೆ ಎಂದು ಕೇಳಿ ನೋಡಿ. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ಆ್ಯಂಡಿ ರಾಬರ್ಟ್ಸ್ ಅವರ ಬೆಂಕಿ ಬೌಲಿಂಗ್‌ನ ಎದುರು, ತಂಡದ ಒಟ್ಟು 190ರಲ್ಲಿ ಅವರೊಬ್ಬರೇ ಗಳಿಸಿದ ಅಜೇಯ 97. ಶತಕಕ್ಕೆ ಮೂರು ಕಡಿಮೆ.

ಗೆರೆ ಸರಿಯದು ಎನ್ನುತ್ತಾರೆ, ಎಣಿಕೆಯೇ ಸರಿಯುತ್ತದೆ. 1910ರ ಒಂದು ಪಂದ್ಯದ ಲೆಕ್ಕ ಎರಡು ಬಾರಿ ಸೇರಿಹೋದದ್ದರಿಂದ ಟೈ ಕಾಬ್ ಅವರ ಹಿಟ್‌ಗಳು 4,191 ಎಂದು ದಾಖಲಾಗಿದ್ದವು. ಸಂಶೋಧಕರು ತಿದ್ದಿದ ಲೆಕ್ಕ 4,189. ಪೀಟ್ ರೋಸ್ 1985ರ ಸೆಪ್ಟೆಂಬರ್ 11ರಂದು ಸಿನ್ಸಿನಾಟಿಯಲ್ಲಿ 4,192ನೆಯ ಹಿಟ್ ಹೊಡೆದಾಗ ಪಂದ್ಯ ನಿಲ್ಲಿಸಿ ಸಂಭ್ರಮಿಸಿದರು. ತಿದ್ದಿದ ಲೆಕ್ಕದ ಪ್ರಕಾರ ಅವರು ಕಾಬ್ ಅವರನ್ನು ದಾಟಿದ್ದು ಮೂರು ದಿನ ಮೊದಲು, ಶಿಕಾಗೋದಲ್ಲಿ. ಕ್ಯಾಪ್ ಆನ್ಸನ್ ಅವರ ಹಿಟ್‌ಗಳು ಒಂದು ಎಣಿಕೆಯಲ್ಲಿ 3,011, ಇನ್ನೊಂದರಲ್ಲಿ 3,435. 1871ರಿಂದ 1875ರವರೆಗಿನ ಲೀಗ್ ಅನ್ನು ಸೇರಿಸಬೇಕೋ ಬೇಡವೋ, 1887ರಲ್ಲಿ ಮಾತ್ರ ವಾಕ್‌ಗಳನ್ನೂ ಹಿಟ್ ಎಂದು ಎಣಿಸಿದ್ದನ್ನು ಏನು ಮಾಡಬೇಕು ಎಂಬ ತರ್ಕದ ಮೇಲೆ ಅದು ನಿಂತಿದೆ. 1973ರಲ್ಲಿ ಆಟ ಬಿಟ್ಟ ವಿಲ್ಲಿ ಮೇಸ್ ಅವರಿಗೆ ಅರ್ಧ ಶತಮಾನದ ನಂತರ, ನೀಗ್ರೊ ಲೀಗ್ ದಾಖಲೆ ಸೇರಿದಾಗ, ಇನ್ನೂ ಹತ್ತು ಹಿಟ್ ಬಂದು 3,283 ಇದ್ದದ್ದು 3,293 ಆಯಿತು. ಈ ತಿದ್ದುಪಡಿಗಳೆಲ್ಲ ಸ್ವಾಗತಾರ್ಹ. ಕೊನೆಯ ಒಂದು ಅಂಕಿಗೆ ಪಟಾಕಿ ಹಚ್ಚುವವರು ಮಾತ್ರ ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಆಟವನ್ನು ಹತ್ತಿರದಿಂದ ಬಲ್ಲವರು ಈಗಾಗಲೇ ಬೇರೆ ದಾರಿ ಹಿಡಿದಿದ್ದಾರೆ. ಮೈಕ್ ಮುಸೀನಾ 2008ರಲ್ಲಿ, 39ನೆಯ ವಯಸ್ಸಿನಲ್ಲಿ, ಇಪ್ಪತ್ತು ಪಂದ್ಯ ಗೆದ್ದ ವರ್ಷವೇ, 270ಕ್ಕೆ ಸಾಕೆಂದು ಹೊರಟರು. ಇನ್ನೆರಡು ಮೂರು ವರ್ಷ ಎಳೆದಿದ್ದರೆ 300 ಅಸಾಧ್ಯವಿರಲಿಲ್ಲ. 2019ರಲ್ಲಿ ಅವರನ್ನೂ, 203 ಪಂದ್ಯ ಮಾತ್ರ ಗೆದ್ದ ರಾಯ್ ಹ್ಯಾಲಡೇ ಅವರನ್ನೂ ಮತದಾರರು ಒಟ್ಟಿಗೇ ಆರಿಸಿದರು. ಸ್ಯಾಂಡಿ ಕೋಫ್ಯಾಕ್ಸ್ 165 ಗೆಲುವುಗಳೊಂದಿಗೆ 1972ರಲ್ಲೇ ಹಾಲ್ ಆಫ್ ಫೇಮ್‌ಗೆ ಹೋಗಿದ್ದರು. ಮೆಯ್‌ಕ್ಯೂಕಾಯ್ ಸಂಘದ ಕಥೆಯನ್ನೂ ಪೂರ್ತಿ ಹೇಳಬೇಕು. ಹ್ಯಾನ್‌ಶಿನ್ ಟೈಗರ್ಸ್‌ನ ಕ್ಯೂಜಿ ಫುಜಿಕಾವಾ ಜಪಾನ್ ಮತ್ತು ಅಮೆರಿಕ ಎರಡೂ ಕಡೆ ಸೇರಿ 245 ಸೇವ್‌ಗಳಿಗೆ ನಿಂತರು, ಗೆರೆಗೆ ಐದು ಕಡಿಮೆ. ಪಂದ್ಯದ ಆರಂಭದಲ್ಲೂ ಕೊನೆಯಲ್ಲೂ ಪಿಚಿಂಗ್ ಮಾಡುತ್ತ ನೂರಕ್ಕೂ ಹೆಚ್ಚು ಗೆಲುವು, ನೂರಕ್ಕೂ ಹೆಚ್ಚು ಸೇವ್ ಪಡೆದ ಕೋಜಿ ಉಯೆಹಾರಾ ಮೂರು ಗೆರೆಗಳಲ್ಲಿ ಯಾವುದರ ಸಮೀಪಕ್ಕೂ ಬಂದವರಲ್ಲ. 2022ರಲ್ಲಿ ಆ ಸಂಘ ವಿಶೇಷ ನಿಯಮದ ಅಡಿ ಇಬ್ಬರನ್ನೂ ಸದಸ್ಯರನ್ನಾಗಿ ಮಾಡಿಕೊಂಡಿತು.